ಜಾವಾದ ‘ರನ್‌ಟೈಮ್ ಎಕ್ಸೆಪ್ಷನ್’: ಅಪವಾದವೇ, ವ್ಯತ್ಯಯವೇ?

ಮಾನ್ಯರೆ,

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಚಿಸಿದ ಹುಡುಕು ತಂತ್ರಾಂಶವೊಂದಕ್ಕೆ ಕನ್ನಡ ಕೈಪಿಡಿ ಬರೆಯುವಾಗ ‘ಎಕ್ಸೆಪ್ಷನ್’ (ಕ್ರಮವಿಧಿ, ಅಂದರೆ ಪ್ರೋಗ್ರಾಮು, ನಡೆಯುವಾಗ ಅದರ ಸಹಜ ಹರಿವನ್ನು ತಡೆಯುವ ಘಟನೆ) ಎಂಬುದಕ್ಕೆ ಯಾವ ಪದ ಸಲ್ಲುತ್ತದೆ ಎಂಬ ಪ್ರಶ್ನೆ ಎದುರಾಗಿದೆ. ‘ವಿನಾಯಿತಿ’ ತೆರಿಗೆ, ಶುಲ್ಕಗಳಿಗೆ ಸೇರಿದ ಮಾತು; ಅದನ್ನು ಬಿಟ್ಟುಬಿಡಬಹುದು. ‘ಅಪವಾದ’ಕ್ಕೆ ವ್ಯಾಕರಣಶಾಸ್ತ್ರದಲ್ಲಿ ಉತ್ಸರ್ಗದ, ಅಂದರೆ ಸಾಮಾನ್ಯ ನಿಯಮದ, ಎದುರು ನಿಲ್ಲುವ ಸ್ಥಾನವಿದೆಯಾದರೂ, ‘ಕ್ರಮವಿಧಿಯು ಅಪವಾದವನ್ನು ಎಸೆಯುತ್ತದೆ’ ಎಂದೊಡನೆ ಯಾರ ಮೇಲೋ ಹೊರಿಸಿದ ಆರೋಪವೇ ಓದುಗರ ಮನಸ್ಸಿಗೆ ಬರುತ್ತದೆ.

‘ದೋಷ’ ಎಂದು ಸುಲಭವಾಗಿ ಮುಗಿಸುವಂತೆಯೂ ಇಲ್ಲ. ಜಾವಾದಲ್ಲಿ ‘ಎರರ್’ ಮತ್ತು ‘ಎಕ್ಸೆಪ್ಷನ್’ ಎರಡೂ ‘ಥ್ರೋವಬಲ್’ (ಎಸೆಯಬಹುದಾದದ್ದು) ಎಂಬ ವರ್ಗದ ಬೇರೆ ಬೇರೆ ಕವಲುಗಳು. ಹುಡುಕುವಾಕ್ಯದ ಪಾರ್ಸಿಂಗ್‌ನಲ್ಲಿ, ಅಂದರೆ ಅದರ ರಚನೆಯನ್ನು ಬಿಡಿಸಿ ನೋಡುವಲ್ಲಿ, ಈ ಭೇದ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹುಡುಕಾಟಕ್ಕೆಂದೇ ಇರುವ ಜಾವಾ ಲೈಬ್ರರಿ ಲೂಸೀನ್‌ನ ಕ್ಲಾಸಿಕ್ ಪಾರ್ಸರನ್ನು ನೋಡಿ: ಬಳಕೆದಾರರು ಆವರಣ ಚಿಹ್ನೆಯನ್ನು ಮುಚ್ಚದೆ ಬಿಟ್ಟರೆ ‘ಪಾರ್ಸ್‌ಎಕ್ಸೆಪ್ಷನ್’ ಬರುತ್ತದೆ, ಅಕ್ಷರಗಳನ್ನು ಟೋಕನ್‌ಗಳಾಗಿ (ಪದದಂಥ ಬಿಡಿ ಘಟಕಗಳಾಗಿ) ಒಡೆಯುವ ಹಂತದಲ್ಲೇ ಕೆಟ್ಟರೆ ಹುಟ್ಟುವುದು ‘ಎರರ್’ ಕವಲಿಗೆ ಸೇರಿದ್ದು, ವಾಕ್ಯದ ಉಪವಾಕ್ಯಗಳು ಮಿತಿಯನ್ನು, ಅಂದರೆ ಪೂರ್ವನಿಯೋಜಿತವಾದ 1024ನ್ನು, ಮೀರಿದರೆ ಬರುವ ‘ಟೂಮೆನಿಕ್ಲಾಜಸ್’ ಮಾತ್ರ ‘ರನ್‌ಟೈಮ್‌ಎಕ್ಸೆಪ್ಷನ್’ನ ಸಂತಾನ. ಪಾರ್ಸರು ಕೊನೆಯ ಎರಡನ್ನೂ ಒಳಗೇ ಹಿಡಿದು, ‘ಪಾರ್ಸ್‌ಎಕ್ಸೆಪ್ಷನ್’ ಆಗಿ ಮಾರ್ಪಡಿಸಿ ಹೊರಗೆ ಎಸೆಯುತ್ತದೆ. ಮೂರಕ್ಕೂ ‘ದೋಷ’ ಎಂದೇ ಬರೆದರೆ ಈ ಕೊನೆಯ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ನನ್ನ ಒಲವು ‘ವ್ಯತ್ಯಯ’ದ ಕಡೆಗಿದೆ. ‘ವಿದ್ಯುತ್ ವ್ಯತ್ಯಯ’ ಎಂಬಲ್ಲಿ ಅದು ಸಹಜ ಹರಿವಿಗೆ ಬಿದ್ದ ತಡೆಯನ್ನು ಸೂಚಿಸುತ್ತದೆ, ಎಕ್ಸೆಪ್ಷನ್ ಮಾಡುವುದೂ ಅದನ್ನೇ. ಜಾವಾದ ‘ಥ್ರೋ’, ‘ಕ್ಯಾಚ್’ಗಳಿಗೆ ಸಲ್ಲುವ ‘ಎಸೆ’, ‘ಹಿಡಿ’ ಎಂಬ ಕ್ರಿಯಾಪದಗಳು ಅದರೊಡನೆ ಅಷ್ಟೇನೂ ಹೊಂದುವುದಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ‘ವ್ಯತ್ಯಯವನ್ನು ಹೊಮ್ಮಿಸು’, ‘ವ್ಯತ್ಯಯವನ್ನು ನಿಭಾಯಿಸು’ ಎನ್ನಬಹುದೇನೋ.

ಹೆಚ್ಚು ಕಾಡುತ್ತಿರುವುದು ‘ರನ್‌ಟೈಮ್’ ಎಂಬ ವಿಶೇಷಣ. ‘ಚಾಲನಾಕಾಲದ ವ್ಯತ್ಯಯ’ ಎಂಬುದು ಪದಶಃ ಸರಿ, ಆದರೆ ಎಲ್ಲ ಎಕ್ಸೆಪ್ಷನ್‌ಗಳೂ ಚಾಲನಾಕಾಲದಲ್ಲೇ ಹುಟ್ಟುತ್ತವೆ. ಹಿಡಿಯಿರಿ ಇಲ್ಲವೇ ಘೋಷಿಸಿರಿ ಎಂದು ಕಂಪೈಲರ್ (ಕ್ರಮವಿಧಿಯನ್ನು ಯಂತ್ರಕ್ಕೆ ತಕ್ಕ ರೂಪಕ್ಕೆ ಅನುವಾದಿಸುವ ತಂತ್ರಾಂಶ) ಒತ್ತಾಯಿಸುತ್ತದೆಯೇ ಇಲ್ಲವೇ ಎಂಬುದೇ ನಿಜವಾದ ಭೇದ; ‘ರನ್‌ಟೈಮ್’ ಬಗೆಯವಕ್ಕೆ ಆ ಒತ್ತಾಯವಿಲ್ಲ. ಜಾವಾದವರೇ ಇಟ್ಟ ಹೆಸರು ದಾರಿತಪ್ಪಿಸುವಂತಿರುವಾಗ ಕನ್ನಡವೂ ಆ ದಾರಿಯನ್ನೇ ಹಿಡಿಯಬೇಕೇ? ‘ಘೋಷಣೆ ಬೇಡದ ವ್ಯತ್ಯಯ’ ಎಂದರೆ ಅರ್ಥ ತಿಳಿಯಾಗುತ್ತದೆ. ‘ಅಘೋಷಿತ ವ್ಯತ್ಯಯ’ ಇನ್ನೂ ಚಿಕ್ಕದು, ಆದರೆ ಅದು ವಿದ್ಯುತ್ ಕಡಿತದ ಸುದ್ದಿಯಂತೆ ಕೇಳಿಸೀತು!

ಈ ಕೆಳಗಿನ ವಾಕ್ಯವನ್ನು ತಿದ್ದಿಕೊಡಬೇಕೆಂದು ಕೋರುತ್ತೇನೆ: ‘ಹುಡುಕುವಾಕ್ಯವನ್ನು ಪಾರ್ಸ್ ಮಾಡುವಾಗ ಘೋಷಣೆ ಬೇಡದ ವ್ಯತ್ಯಯವೂ ಹೊಮ್ಮಬಹುದಾದ್ದರಿಂದ, ಅದನ್ನು ನಿಭಾಯಿಸಿ ಬಳಕೆದಾರರಿಗೆ ತಿಳಿಯುವ ಸಂದೇಶವನ್ನು ತೋರಿಸಬೇಕು.’