ಸಹಾಯ ಬೇಕು: ಅಮೆರಿಕದ ಯೂಟಾದಲ್ಲಿ ಮಗಳನ್ನು ಸ್ಪ್ಯಾನಿಷ್ ಡ್ಯುಯಲ್ ಇಮ್ಮರ್ಶನ್‌ಗೆ ಸೇರಿಸೋದಾ?

ಎಲ್ಲರಿಗೂ ನಮಸ್ಕಾರ. ನಾವಿರೋದು ಸಾಲ್ಟ್ ಲೇಕ್ ಸಿಟಿ ಹತ್ತಿರ. ಮಗಳು ಮುಂದಿನ ವರ್ಷ ಒಂದನೇ ಕ್ಲಾಸು. ಇಲ್ಲಿ 2008ರಲ್ಲಿ ಕಾನೂನು ಮಾಡಿ ಸರ್ಕಾರಿ ಶಾಲೆಗಳಲ್ಲೇ ಇಮ್ಮರ್ಶನ್ ಶುರು ಮಾಡಿದ್ದಾರೆ, ಅಂದರೆ ಅರ್ಧ ದಿನ ಇಂಗ್ಲಿಷ್ ಟೀಚರ್, ಇನ್ನರ್ಧ ದಿನ ಬೇರೆ ಟೀಚರ್, ಅವರು ಕ್ಲಾಸಿನಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡೋದೇ ಇಲ್ಲ. ಚೈನೀಸ್, ಫ್ರೆಂಚ್ ಇರೋ ಶಾಲೆಗಳೂ ಇವೆ. ಕನ್ನಡ ಕೇಳಬೇಡಿ!

ನನ್ನ ತಲೆನೋವು ಗಣಿತ. ಮೊದಲ ವರ್ಷಗಳಲ್ಲಿ ಅದನ್ನೂ ಸ್ಪ್ಯಾನಿಷ್‌ನಲ್ಲೇ ಕಲಿಸ್ತಾರೆ. ನನಗೂ ಯಜಮಾನರಿಗೂ 'ಓಲಾ' (ಸ್ಪ್ಯಾನಿಷ್‌ನಲ್ಲಿ ನಮಸ್ಕಾರ) ಬಿಟ್ಟರೆ ಏನೂ ಬರಲ್ಲ, ಹೋಮ್‌ವರ್ಕ್ ಹೇಳಿಕೊಡೋದು ಹೇಗೆ?

ಇನ್ನೊಂದು, ಮನೆಯಲ್ಲಿ ನಾವು ಬರೀ ಕನ್ನಡ. ಪಕ್ಕದ ಮನೆ ಹುಡುಗನಿಂದ ಕಲಿತು ಮೊನ್ನೆ ವಿಡಿಯೋ ಕಾಲ್‌ನಲ್ಲಿ "ಅಜ್ಜಿ, ಆಗ್ವಾ ಬೇಕು" ಅಂದಳು. ನೀರು ಅಂತ ಗೊತ್ತಾಗದೆ ನಮ್ಮತ್ತೆ ಪಾಪ, "ಏನು ಆಗ್ವಾ, ಏನು ಆಗ್ಬೇಕು?" ಅಂತ ಕೇಳ್ತಾನೇ ಇದ್ದರು. ನಗು ಬಂತು, ಸ್ವಲ್ಪ ಭಯವೂ ಆಯ್ತು. ಮೂರು ಭಾಷೆ ಅಂದರೆ ಮೊದಲು ಬಿಟ್ಟು ಹೋಗೋದು ನಮ್ಮದೇ ಅಲ್ವಾ?

ಮಕ್ಕಳನ್ನು ಹೀಗೆ ಓದಿಸಿದವರು ದಯವಿಟ್ಟು ಹೇಳಿ. ಸುಮ್ನೆ "ಒಳ್ಳೇದು, ಸೇರಿಸಿ" ಅನ್ನಬೇಡಿ. ಎರಡನೇ, ಮೂರನೇ ಕ್ಲಾಸಿಗೆ ಬರೋ ಹೊತ್ತಿಗೆ ಮನೇಲಿ ಕನ್ನಡದ ಗತಿ ಏನಾಯ್ತು? ಕನ್ನಡ ಓದು ಬರಹ ಯಾವಾಗ ಶುರು ಮಾಡಿದಿರಿ? ಈ ತಿಂಗಳೇ ಅರ್ಜಿ ಹಾಕಬೇಕು.