ಬೇಕರಿಯಲ್ಲಿ ಒಳ್ಳೆ ಡೋನಟ್ ಗುರುತಿಸೋದು ಹೇಗೆ?

ಪ್ರಶ್ನೆ: ಗಾಜಿನ ಹಿಂದೆ ಎಲ್ಲ ಡೋನಟ್ಟೂ ಚೆಂದ ಕಾಣುತ್ತೆ. ಕಚ್ಚಿದರೆ ಒಂದು ಎಣ್ಣೆ ಜಿಡ್ಡು, ಇನ್ನೊಂದು ಒಣ ಬನ್. ಕೊಳ್ಳೋಕೆ ಮುಂಚೆ ತಿಳಿಯೋ ಗುರುತು ಇದೆಯಾ? ಪೊಂಚ್ಕಿ (ಪೋಲೆಂಡಿನ ಹೂರಣದ ಡೋನಟ್), ಕನ್ನೋಲಿ (ಸಿಹಿ ಕ್ರೀಮ್ ತುಂಬಿದ ಇಟಲಿಯ ಗರಿಗರಿ ಕೊಳವೆ), ಬಕ್ಲಾವಾ (ಪಾಕ ಸುರಿದ ತೆಳು ಪದರಗಳ ಸಿಹಿ) ತಗೊಳ್ಳುವಾಗ ಏನು ನೋಡಬೇಕು?

ಉತ್ತರ 1: ಪಕ್ಕದಿಂದ ನೋಡಿ. ಸೊಂಟದ ಸುತ್ತ ಬಿಳಿಚಿದ ಪಟ್ಟಿ ಇರಬೇಕು. ಚೆನ್ನಾಗಿ ಉಬ್ಬಿದ ಹಿಟ್ಟು ಎಣ್ಣೆ ಮೇಲೆ ತೇಲುತ್ತೆ, ಮಗುಚಿದರೂ ಆ ನಡುಭಾಗ ಎಣ್ಣೆಯಲ್ಲಿ ಮುಳುಗೋದಿಲ್ಲ. ಪಟ್ಟಿಯೇ ಇಲ್ಲ, ಕೈಗೆ ಭಾರ ಅನ್ನಿಸುತ್ತೆ ಅಂದರೆ ಹಿಟ್ಟು ಸರಿಯಾಗಿ ಹುದುಗಿಲ್ಲ. ಮೈ ಸುಕ್ಕುಗಟ್ಟಿ ಕುಸಿದಿದ್ದರೆ ಹುದುಗು ಅತಿಯಾಗಿದೆ. ಅಂಥದ್ದು ಎಣ್ಣೆಯನ್ನೂ ಹೆಚ್ಚು ಕುಡಿದಿರುತ್ತೆ. ಎಣ್ಣೆ 180ರಿಂದ 190 ಡಿಗ್ರಿ ಸೆಲ್ಸಿಯಸ್ ಕಾಯ್ದಿರಬೇಕು. ಕಡಿಮೆಯಾದರೆ ಜಿಡ್ಡು, ಜಾಸ್ತಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ. ಅಂಗಡಿಗೆ ಕಾಲಿಟ್ಟ ಕೂಡಲೇ ಕಮಟು ಎಣ್ಣೆ ವಾಸನೆ ಬಂದರೆ ಡೋನಟ್ ಬಿಟ್ಟು ಬೇರೇನಾದರೂ ತಗೊಳ್ಳಿ.

ಉತ್ತರ 2: ಆ ಪಟ್ಟಿ ಯೀಸ್ಟ್ ಡೋನಟ್‌ಗೆ ಮಾತ್ರ ಅನ್ವಯ. ಬೇಕಿಂಗ್ ಪೌಡರ್ ಹಾಕಿದ ಕೇಕ್ ಡೋನಟ್‌ನಲ್ಲಿ ಅದನ್ನು ಹುಡುಕಬೇಡಿ. ಅಲ್ಲಿ ಮೇಲ್ಮೈ ಒರಟಾಗಿ ಬಿರಿದು ಗರಿಗರಿಯಾಗಿದ್ದರೆ ಒಳ್ಳೇದು.

"ಫ್ರೆಶ್ ಇದೆಯಾ?" ಅಂತ ಕೇಳಬೇಡಿ, ಯಾರೂ ಇಲ್ಲ ಅನ್ನಲ್ಲ. "ಎಷ್ಟು ಹೊತ್ತಿಗೆ ಕರಿದಿದ್ದು?" ಅಂತ ಕೇಳಿ. ಯೀಸ್ಟ್ ಡೋನಟ್‌ನ ರುಚಿ ಅದೇ ದಿನಕ್ಕೆ ಮುಗೀತು. ಫ್ರಿಜ್ಜಿನಲ್ಲಂತೂ ಇಡಲೇಬೇಡಿ, ತಂಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಇನ್ನೂ ಬೇಗ ಹಳಸಲಾಗುತ್ತೆ (ಕ್ರೀಮ್ ತುಂಬಿದ್ದಕ್ಕೆ ಮಾತ್ರ ಫ್ರಿಜ್ ಬೇಕೇ ಬೇಕು). ಬಿಸಿ ಇರುವಾಗಲೇ ಮುಚ್ಚಿದ ಡಬ್ಬಿಗೆ ಹಾಕಿಸಿದರೆ ಮೇಲಿನ ಸಕ್ಕರೆ ಲೇಪ (ಗ್ಲೇಜ್) ಬೆವೆತು ಕರಗುತ್ತೆ.

ಉತ್ತರ 3: ಕನ್ನೋಲಿ ಮೊದಲೇ ತುಂಬಿಟ್ಟಿದ್ದರೆ ಬೇಡ. ಒಳಗೆ ತುಂಬುವ ರಿಕೋಟಾ ಅನ್ನೋ ಮೆದು ಚೀಸ್‌ನ ನೀರು ಕೊಳವೆಗೆ ಇಳಿದು ಮೆತ್ತಗಾಗುತ್ತೆ. ಕೇಳಿದ ಮೇಲೆ ಎದುರಿಗೇ ತುಂಬಿಕೊಡುವ ಬೇಕರಿ ಹುಡುಕಿ.

ಬಕ್ಲಾವಾದಲ್ಲಿ ಕತ್ತರಿಸಿದ ಅಂಚು ನೋಡಿ. ಪದರಗಳು ಬಿಡಿಬಿಡಿಯಾಗಿ ಎಣಿಸುವ ಹಾಗಿರಬೇಕು, ತಟ್ಟೆಯ ತಳದಲ್ಲಿ ಪಾಕ ನಿಂತಿರಬಾರದು. ಬಕ್ಲಾವಾ, ಪಾಕ ಎರಡೂ ಕುದಿಬಿಸಿ ಇರುವಾಗ ಸುರಿದರೆ ತಳ ಮುದ್ದೆಯಾಗುತ್ತೆ. ಒಂದು ಬಿಸಿ, ಒಂದು ತಣ್ಣಗಿರಬೇಕು.

ಪೋಲೆಂಡಿನ ಪೊಂಚ್ಕಿ ಬರೀ ಜಾಮ್ ಡೋನಟ್ ಅಲ್ಲ. ಮೊಟ್ಟೆಯ ಹಳದಿ, ಬೆಣ್ಣೆ ಹೇರಳವಾಗಿ ಹಾಕಿರುವುದರಿಂದ ಒಳಗೆ ಹಳದಿ ಬಣ್ಣ ಬರಬೇಕು. ಎಣ್ಣೆ ಹೀರದಿರಲಿ ಅಂತ ಹಿಟ್ಟಿಗೆ ಒಂದಿಷ್ಟು ಸ್ಪಿರಿಟ್ ಹಾಕುವುದೂ ರೂಢಿ; ಮದ್ಯ ಮುಟ್ಟದವರು ಕೇಳಿಕೊಂಡೇ ತಗೊಳ್ಳಿ. ಒಳಗಿನ ಹೂರಣ ಗುಲಾಬಿ ಜಾಮ್ ಅಥವಾ ಪ್ಲಮ್ ಇದ್ದರೆ ಸಂಪ್ರದಾಯ ಬಲ್ಲವರು ಮಾಡಿದ್ದಾರೆ ಅನ್ನಬಹುದು. ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಬೂದಿ ಬುಧವಾರದ ಹಿಂದಿನ ಗುರುವಾರ ಪೋಲಿಷ್ ಬೇಕರಿಗಳಲ್ಲಿ ಇದು ಬಾಣಲೆಯಿಂದ ಇಳಿದ ಹಾಗೇ ಖಾಲಿಯಾಗುತ್ತೆ. ಬಿಸಿಬಿಸಿ ಬೇಕಿದ್ದರೆ ಆ ದಿನಕ್ಕೆ ಮುಂಚಿತವಾಗಿ ಹೇಳಿಡಿ.