5.8 ಗಿಗಾಹರ್ಟ್ಸ್‌ಗೂ ಲೈಸೆನ್ಸ್ ಬೇಕಾ, ಹೀಗೇ ಫ್ರೀ ಇರಲಾ?

ಗಂಗಾವತಿ ಡಿಶ್‌ವಾಲಾ:

ನಮಸ್ಕಾರ. ನಾನು ಗಂಗಾವತಿಯವನು. ಮೊದಲು ಕೇಬಲ್ ಟಿವಿ ಕನೆಕ್ಷನ್ ಕೊಡುತ್ತಿದ್ದೆ, ಈಗ ಇಂಟರ್ನೆಟ್ ಕೊಡುತ್ತೇನೆ. ಊರೊಳಗೆ ಫೈಬರ್. ಕಾರಟಗಿ ರಸ್ತೆಯ ರೈಸ್ ಮಿಲ್‌ಗಳಿಗೆ ಮಾತ್ರ ಗಾಳಿಯಲ್ಲೇ, ಡಿಶ್‌ನಿಂದ ಡಿಶ್‌ಗೆ 5.8 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಅಲ್ಲಿಗೂ ಫೈಬರ್ ಎಳೆದು ನೋಡಿದೆ. ಒಂದೇ ಬೇಸಿಗೆಯಲ್ಲಿ ಜೆಸಿಬಿ ಮೂರು ಸಲ ಕಿತ್ತುಹಾಕಿತು, ಕೈಬಿಟ್ಟೆ.

ಮಿಲ್‌ನವರಿಗೆ ನೆಟ್ ಬೇಕಿರೋದು ಸಿನಿಮಾ ನೋಡೋಕಲ್ಲ. ಲಾರಿ ಗೇಟ್ ದಾಟಬೇಕಾದರೆ ಇ-ವೇ ಬಿಲ್ ಆಗಬೇಕು. ಹೋದ ತಿಂಗಳಿಂದ ಸಂಜೆ ಏಳಾದರೆ ಸಾಕು, ನನ್ನ 9 ಕಿಲೋಮೀಟರ್ ಲಿಂಕ್ ಮಲಗಿಬಿಡುತ್ತದೆ. 4 ಮಿಲಿಸೆಕೆಂಡ್ ಇದ್ದ ಪಿಂಗ್ (ಡೇಟಾ ಹೋಗಿ ಬರುವ ಹೊತ್ತು) 300 ದಾಟುತ್ತದೆ. ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ, ಡಿಶ್ ಮೇಲೆ ಕೂತ ಪಾರಿವಾಳವನ್ನೂ ಓಡಿಸಿದೆ. ಕೊನೆಗೆ ಸ್ಕ್ಯಾನ್ ಹಾಕಿದರೆ ನನ್ನ ಚಾನೆಲ್ ಮೇಲೇ, ಅಂದರೆ ನಾನು ಬಳಸುವ ಅಲೆಗಳ ಜಾಗದಲ್ಲೇ, ಇನ್ನೊಂದು ಹೆಸರು. ಸಿಗ್ನಲ್ ನನ್ನದಕ್ಕಿಂತ ಜೋರು.

ಮೂರು ದಿನ ಬೈಕ್‌ನಲ್ಲಿ ತಲೆ ಎತ್ತಿಕೊಂಡು ತಿರುಗಿದೆ. ಒಂದು ಕಲ್ಯಾಣ ಮಂಟಪದ ಟೆರೇಸಿನಲ್ಲಿ, ನೀರಿನ ಟ್ಯಾಂಕ್ ಪಕ್ಕ, ಹೊಸ ಬಿಳಿ ಡಿಶ್ ಕಂಡಿತು. ಅಲ್ಲಿದ್ದ ಹುಡುಗನನ್ನು ಕೇಳಿದರೆ, "ಇದು ಫ್ರೀ ಬ್ಯಾಂಡ್ ಅಣ್ಣ, ನಿಮ್ಮ ಹೆಸರಿಗೇನು ರಿಜಿಸ್ಟ್ರಿ ಆಗಿದೆಯಾ?" ಅಂದ. ಉತ್ತರ ಹೊಳೆಯಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. 2022ರ 5ಜಿ ಹರಾಜಿನಲ್ಲಿ ಕಂಪನಿಗಳು ಒಂದೂವರೆ ಲಕ್ಷ ಕೋಟಿ ರೂಪಾಯಿ ಕೂಗಿದವು. ಅವರ ಗಾಳಿಗೆ ಬೇರೆ ಯಾರೂ ಕೈ ಹಾಕುವಂತಿಲ್ಲ. ನಾನೂ ವರ್ಷಕ್ಕೆ ಅಷ್ಟಿಷ್ಟು ಕಟ್ಟುತ್ತೇನೆ, ಈ ಚಾನೆಲ್ ನನಗೆ ಬರೆದುಕೊಡಿ ಅಂದರೆ ತಪ್ಪಾ? ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಪೈಪ್ ಇಳಿಸಿ ನೀರು ಎಳೆದರೆ ಕೊನೆ ಭಾಗದವರ ಗತಿ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಳ್ಳಾರಿ ಆಂಟೆನಾ:

ನಿಮ್ಮ ಸಂಕಟ ಗೊತ್ತಾಯಿತು. ನಾನು ವೈರ್‌ಲೆಸ್ ಕೆಲಸದಲ್ಲೇ ಇದ್ದು ರಿಟೈರ್ ಆದವನು, ಸ್ವಲ್ಪ ಹಳೆ ಕಥೆ ಹೇಳುತ್ತೇನೆ.

ನಮ್ಮಪ್ಪ ಮನೆಯ ರೇಡಿಯೋಗೆ ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದರು. ಬರೀ ಕೇಳೋದಕ್ಕೆ! 1933ರ ವೈರ್‌ಲೆಸ್ ಕಾಯ್ದೆ ಇದ್ದದ್ದೇ ಹಾಗೆ: ಅನುಮತಿ ಇಲ್ಲದೆ ಸೆಟ್ ಇಟ್ಟುಕೊಳ್ಳೋದೇ ತಪ್ಪು. ಆ ಗಂಟು ಬಿಚ್ಚುತ್ತಾ ಬಂದಿದ್ದು ತೀರಾ ಈಚೆಗೆ. 2005ರಲ್ಲಿ 2.4 ಗಿಗಾಹರ್ಟ್ಸ್ ಫ್ರೀ ಆಯಿತು, ಅಂದರೆ ಲೈಸೆನ್ಸ್ ಬೇಡ ಅಂದರು. 2007ರಲ್ಲಿ 5.825ರಿಂದ 5.875ರವರೆಗೆ ಹೊರಗಡೆಯೂ ಬಳಸಬಹುದು ಅಂದರು. 2018ರಲ್ಲಿ 5 ಗಿಗಾಹರ್ಟ್ಸ್ ಸುತ್ತಮುತ್ತ ಒಟ್ಟು 605 ಮೆಗಾಹರ್ಟ್ಸ್ ಬಿಟ್ಟುಕೊಟ್ಟರು. ನೀವು ಕೇಬಲ್ ಟಿವಿಯಿಂದ ಇಲ್ಲಿಗೆ ಜಿಗಿದದ್ದು ಆ ಬಾಗಿಲು ತೆರೆದದ್ದಕ್ಕೇ ಅಲ್ವಾ? ಹರಾಜಾಗಿದ್ದರೆ ನೀವು ಹಾಲ್ ಒಳಗೂ ಹೋಗುತ್ತಿರಲಿಲ್ಲ.

ಆದರೆ ಫ್ರೀ ಅಂದರೆ ಕಾನೂನೇ ಇಲ್ಲ ಅಂತಲ್ಲ. ಬೇರೆಯವರಿಗೆ ತೊಂದರೆ ಕೊಡಬಾರದು, ಬೇರೆಯವರಿಂದ ತೊಂದರೆಯಾದರೆ ರಕ್ಷಣೆ ಕೇಳಬಾರದು. ಇದು ಆ ಆದೇಶದಲ್ಲೇ ಇರುವ ಷರತ್ತು. ಪವರ್‌ಗೂ ಮಿತಿ ಇದೆ. 5.8ರಲ್ಲಿ ಆಂಟೆನಾ ಗೇನ್ (ಡಿಶ್ ಒಂದೇ ಕಡೆ ಗುರಿ ಇಟ್ಟು ಸಿಗ್ನಲ್ ಜೋರು ಮಾಡುವುದು) ಸೇರಿಸಿ 4 ವ್ಯಾಟ್, ಪವರ್ ಅಳೆಯುವ ಡಿಬಿಎಂ ಲೆಕ್ಕದಲ್ಲಿ 36. ಬೇಜಾರಾಗಬೇಡಿ, ನಿಮ್ಮ ಡಿಶ್ ಗೇನ್ ಎಷ್ಟು ಡಿಬಿಐ? ರೇಡಿಯೋ ಪವರ್ ಎಷ್ಟಿಟ್ಟಿದ್ದೀರಿ? ಚಾನೆಲ್ ಅಗಲ ಎಷ್ಟು?

ಸಿಂಧನೂರು ಭತ್ತ:

ದಯವಿಟ್ಟು ಲೈಸೆನ್ಸ್ ಕೇಳಬೇಡಿ ಅಣ್ಣ, ನಿಮ್ಮ ಜೊತೆ ನಾವೂ ಮುಳುಗುತ್ತೇವೆ.

ನಮ್ಮ ಹೊಲದ ಮೋಟರ್ ಮನೆಯಿಂದ ಒಂದೂವರೆ ಕಿಲೋಮೀಟರ್. ತ್ರೀ ಫೇಸ್ ಬರೋದು ರಾತ್ರಿ ಎರಡಕ್ಕೋ ಮೂರಕ್ಕೋ. ಮೊದಲು ಸಿಮ್ ಹಾಕುವ ಸ್ಟಾರ್ಟರ್ ಇತ್ತು, ರೀಚಾರ್ಜ್ ಮರೆತರೆ ಮೋಟರೂ ಮೂಕ. ಈಗ ಲೋರಾ ಪೆಟ್ಟಿಗೆ ಹಾಕಿದ್ದೇನೆ, ಸಿಮ್ ಇಲ್ಲದೆ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ, 865 ಮೆಗಾಹರ್ಟ್ಸ್‌ನದ್ದು. ಅದೂ 2005ರಲ್ಲಿ ಫ್ರೀ ಆದದ್ದೇ. ಮಂಚದ ಮೇಲೆ ಮಲಗಿಕೊಂಡೇ ಬಟನ್ ಒತ್ತುತ್ತೇನೆ, ಹಸಿರು ದೀಪ ಬಂದರೆ ಮಗ್ಗುಲು ಬದಲಿಸಿ ಮಲಗುತ್ತೇನೆ. ಹಾವಿನ ಭಯ ಇಲ್ಲ. ಇದಕ್ಕೆ ಫಾರ್ಮ್ ತುಂಬಿ ದೆಹಲಿಗೆ ಕಳಿಸು ಅಂದರೆ ಯಾವ ರೈತ ಕಳಿಸುತ್ತಾನೆ?

ಇನ್ನೊಂದು ಮಾತು. ಕಾಲುವೆ ಹೋಲಿಕೆ ಅರ್ಧ ಮಾತ್ರ ಸರಿ. ಮೇಲಿನವರು ಎಳೆದ ನೀರು ಹೋಯಿತು, ಕಾಲುವೆ ಕೊನೆಯ ಮಾನ್ವಿಗೆ ಅದು ಮತ್ತೆ ಬರಲ್ಲ. ಗಾಳಿ ಹಾಗಲ್ಲ. ನನ್ನ ಪೆಟ್ಟಿಗೆ ಸೆಕೆಂಡಿನಷ್ಟು ಹೊತ್ತು ಮಾತಾಡಿ ಸುಮ್ಮನಾಗುತ್ತೆ. ಆಮೇಲೆ ಅದೇ ಜಾಗ ಪಕ್ಕದವನಿಗೆ ಮೊದಲಿನಂತೆ ಪೂರ್ತಿ ಸಿಗುತ್ತೆ. ಒಬ್ಬನ ಹೆಸರಿಗೆ ಬರೆದುಕೊಟ್ಟರೆ ಅವನು ಸುಮ್ಮನಿದ್ದಾಗಲೂ ಜಾಗ ಬೀಗ ಹಾಕಿದ ಹಾಗೇ.

ಗಂಗಾವತಿ ಡಿಶ್‌ವಾಲಾ:

ಆಂಟೆನಾ ಸರ್, ಕೇಳಬಾರದ್ದನ್ನೇ ಕೇಳಿದ್ರಿ. ಡಿಶ್ 25 ಡಿಬಿಐ. ಪವರ್ 20 ಇತ್ತು. 36ರಲ್ಲಿ 25 ಕಳೆದರೆ 11 ಇರಬೇಕು, ಈಗ ನೋಡಿದೆ. ಒಂಬತ್ತು ಜಾಸ್ತಿ. ಈ ಲೆಕ್ಕದಲ್ಲಿ ಮೂರು ಏರಿದರೆ ಪವರ್ ದುಪ್ಪಟ್ಟು, ಅಂದರೆ ಸುಮಾರು ಎಂಟು ಪಟ್ಟು. ಚಾನೆಲ್ ಅಗಲ 80 ಮೆಗಾಹರ್ಟ್ಸ್. ಸ್ಪೀಡ್ ಟೆಸ್ಟ್‌ನಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಹಾಗೇ ಬಿಟ್ಟಿದ್ದೆ. ಮಿಲ್‌ಗೆ ಅದರ ಕಾಲು ಭಾಗವೂ ಬೇಡ.

ಆದರೂ ಒಂದು ಮಾತು. ನಾನು ಇವತ್ತು ಇಳಿಸುತ್ತೇನೆ. ಅವನು ಇಳಿಸಲಿಲ್ಲ ಅಂದರೆ?

ಬಳ್ಳಾರಿ ಆಂಟೆನಾ:

ಒಪ್ಪಿಕೊಂಡಿರಲ್ಲ, ಅದೇ ದೊಡ್ಡದು. ಲೆಕ್ಕ ನೋಡಿ: 5.725ರಿಂದ 5.875 ಗಿಗಾಹರ್ಟ್ಸ್ ಅಂದರೆ 150 ಮೆಗಾಹರ್ಟ್ಸ್. ಅವರೂ 80 ಇಟ್ಟಿದ್ದರೆ ಎರಡು 80 ಅದರಲ್ಲಿ ಎಲ್ಲಿ ಹಿಡಿಸುತ್ತೆ? ಹತ್ತು ಜನ ಕೂರುವ ಆಟೋದಲ್ಲಿ ಇಬ್ಬರೇ ಕಾಲು ಚಾಚಿ ಮಲಗಿದ ಹಾಗಾಯಿತು.

ಅವನು ಇಳಿಸದಿದ್ದರೆ ಅನ್ನೋ ಪ್ರಶ್ನೆಗೆ ಲೈಸೆನ್ಸೇ ಉತ್ತರ ಆಗಬೇಕಿಲ್ಲ. ಅಮೆರಿಕದಲ್ಲಿ 3650ರಿಂದ 3700 ಮೆಗಾಹರ್ಟ್ಸ್‌ಗೆ 2005ರಲ್ಲಿ ಒಂದು ನಡು ದಾರಿ ಮಾಡಿದರು. ಕೇಳಿದವರಿಗೆಲ್ಲ ಲೈಸೆನ್ಸ್, ಯಾರಿಗೂ ಸ್ವಂತದ್ದಲ್ಲ, ಆದರೆ ಟವರ್ ಎಲ್ಲಿದೆ ಅಂತ ಬರೆಸಲೇಬೇಕಿತ್ತು. ತೊಂದರೆಯಾದರೆ ಇಬ್ಬರೂ ಕೂತು ಬಗೆಹರಿಸಿಕೊಳ್ಳಬೇಕಿತ್ತು. ನಿಮ್ಮ ಹಾಗೆ ಹಳ್ಳಿಗೆ ನೆಟ್ ಕೊಡುವ ಸಣ್ಣವರೇ ಅದನ್ನು ಜಾಸ್ತಿ ಬಳಸಿದ್ದು. ನಮ್ಮಲ್ಲೂ ಟೆರೇಸ್ ಮೇಲಿನ ದೊಡ್ಡ ಡಿಶ್‌ಗಳಿಗೆ ಮಾತ್ರ ಇಂಥದ್ದು ಇರಲಿ ಅಂತ ನನ್ನ ಅಭಿಪ್ರಾಯ. ಮನೆಯೊಳಗಿನ ವೈ-ಫೈಗೆ ಗೋಡೆಯೇ ಬೇಲಿ. ಅದಕ್ಕೂ, ಸಿಂಧನೂರಿನವರ ಪೆಟ್ಟಿಗೆಗೂ ಯಾರೂ ಕೈ ಹಚ್ಚಬಾರದು.

ಗಂಗಾವತಿ ಡಿಶ್‌ವಾಲಾ:

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಕಲ್ಯಾಣ ಮಂಟಪದವರ ಲಿಂಕ್ ಹಾಕಿದ ಯಜಮಾನರನ್ನು ಹುಡುಕಿಕೊಂಡು ಹೋದೆ. ಮಿರ್ಚಿ ಮಂಡಕ್ಕಿ ತಿನ್ನುತ್ತಾ ಮಾತಾಡಿದೆವು. ಅವರೂ 80, ಅವರೂ ಪೂರ್ತಿ ಪವರ್. ಮದುವೆಗಳನ್ನು ಲೈವ್ ಬಿಡಲು ಸಂಜೆ ಹೊತ್ತಿಗೆ ಆನ್ ಮಾಡುತ್ತಾರಂತೆ, ಏಳು ಗಂಟೆಯ ಗುಟ್ಟು ಅಲ್ಲಿತ್ತು. ನನ್ನ ಡಿಶ್ ಬಗ್ಗೆ ಅವರೂ ಯಾರ ಹತ್ತಿರವೋ ಬೈದುಕೊಂಡಿದ್ದರು! ಈಗ ನಾನು 5755 ಮೆಗಾಹರ್ಟ್ಸ್, ಅವರು 5835, ಇಬ್ಬರದೂ ಅಗಲ 40. ಪವರ್ ಇಳಿಸಿ, ಡಿಶ್ ಸ್ವಲ್ಪ ತಿರುಗಿಸಿ ಸರಿಯಾಗಿ ಗುರಿ ಇಟ್ಟೆ. ಪಿಂಗ್ 5, ಸಂಜೆಯೂ.

ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿದ್ದೇವೆ. ಯಾರ ಡಿಶ್ ಎಲ್ಲಿ, ಯಾವ ಕಡೆ ಮುಖ, ಯಾವ ಚಾನೆಲ್, ಅಷ್ಟೇ ಬರೆಯಬೇಕು. ಸರ್ಕಾರದ ರಿಜಿಸ್ಟರ್ ಬಂದಾಗ ಬರಲಿ. ನಿನ್ನೆ ಮೂರನೆಯವರೊಬ್ಬರು ಸೇರಿದರು. ಚಾನೆಲ್ ಯಾವುದು ಅಂತ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.